ಎತ್ತರಕ್ಕೆ ತಕ್ಕ ಹೃದಯ

ಗಂಡ ಬೆಟ್ಟದ ಮಾತೆತ್ತಿದಾಗ ಅವಳು ಅವನದೇ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಲಿಲ್ಲ. ಮಗಳು ಹೋಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಈ ಮನೆಯಲ್ಲಿ ಬೆಟ್ಟ ಎಂಬ ಪದವನ್ನು ಯಾರೂ ಬಾಯಿಗೆ ತಂದಿರಲಿಲ್ಲ.

"ಬೇರೆ ದೇಶದ್ದು," ಎಂದ ಅವನು, ಕಿಟಕಿಯ ಕಡೆ ನೋಡುತ್ತ. "ಹದಿನೆಂಟು ಸಾವಿರ ಅಡಿ. ಗೈಡ್ ಇರ್ತಾರೆ, ಹನ್ನೆರಡು ಜನರ ಗುಂಪು. ಹದಿನಾರು ದಿನ. ನಮ್ಮ ಗುಬ್ಬಿ ಫೋಟೋ ತಗೊಂಡು ಹೋಗಿ ಮೇಲೆ ಇಟ್ಟು ಬರ್ತೀನಿ."

"ಹೋಗಿ ಬನ್ನಿ," ಎಂದು ಅವಳು ದಾರ ಕಚ್ಚಿ ಕತ್ತರಿಸಿದಳು.

ಒಂದು ಕಡೆ ಕೂರುವವಳಲ್ಲ ಎಂದು ಮಗಳಿಗೆ ಗುಬ್ಬಿ ಎಂಬ ಹೆಸರು ಬಿದ್ದಿತ್ತು. ಹದಿನಾರು ತುಂಬಿದ ವರ್ಷ ಒಂದು ಬೆಳಿಗ್ಗೆ ಅಪ್ಪನ ಜೊತೆ ಊರ ಹಿಂದಿನ ಬೆಟ್ಟಕ್ಕೆ ಹೋದಳು. ದೊಡ್ಡ ಬೆಟ್ಟವೇನಲ್ಲ, ವಯಸ್ಸಾದವರು ಗಾಳಿ ಸೇವನೆಗೆ ಹೋಗುವಂಥದ್ದು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಒಬ್ಬನೇ ಬಂದ, ಹಿಂದೆ ಆಂಬುಲೆನ್ಸ್ ಬಂತು. ‘ಕಾಲು ಜಾರಿ ಬಿದ್ದು’ ಎಂದು ಪೊಲೀಸರು ಬರೆದುಕೊಂಡರು. ಅದಕ್ಕಿಂತ ಹೆಚ್ಚಿನದನ್ನು ಅವಳು ಗಂಡನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇಳುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ. ಅವನು ಹೇಗೆ ನಡೆಯುತ್ತಾನೆಂದು ಅವಳಿಗೆ ಗೊತ್ತು. ಉದ್ದುದ್ದ ಹೆಜ್ಜೆ, ಹಿಂದೆ ಯಾರಿದ್ದಾರೆಂಬ ಪರಿವೆ ಇಲ್ಲ. ಮದುವೆಯಾದಾಗಿನಿಂದ ದಾರಿಯಲ್ಲಿ ಅವಳು ಕಂಡದ್ದು ಅವನ ಬೆನ್ನನ್ನೇ. ಆ ಬೆನ್ನನ್ನು ಹಿಡಿಯಲು ಮಗು ಓಡಿರಬೇಕು, ಓಡುವಾಗ ಕಾಲು ತಪ್ಪಿರಬೇಕು. ಅವಳ ಮನಸ್ಸಿನಲ್ಲಿ ತೀರ್ಪು ಅಂದೇ ಆಗಿಹೋಗಿತ್ತು. ಶಿಕ್ಷೆ ಮಾತ್ರ ಬಾಕಿ ಇತ್ತು.

ಆಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಬೇರೆ ಬೇರೆಯಾಗಿ ಬದುಕಿದರು. ಅವನ ಲೋಟ ಅವನು ತೊಳೆದಿಡುತ್ತಿದ್ದ, ಅವಳದ್ದನ್ನು ಅವಳು. ಮಗಳ ಕೋಣೆಯ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಪೂರ್ತಿ ಮುಚ್ಚಲು ಇಬ್ಬರಿಗೂ ಧೈರ್ಯ ಸಾಲಲಿಲ್ಲ.

ಅವಳು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ನೆಲಮಹಡಿಯಲ್ಲಿ ಕಾರಿಡಾರಿನ ಕೊನೆಯ ಕೋಣೆ, ಕಿಟಕಿ ಇಲ್ಲ. ಒಂದು ಮಂಚ, ಒಂದು ಪರದೆ, ಎರಡು ಯಂತ್ರ. ಬಂದವರನ್ನು ಮಲಗಿಸಿ, ಎದೆಗೆ ತಣ್ಣನೆಯ ಪುಟ್ಟ ಲೋಹದ ಬಟ್ಟಲುಗಳನ್ನು ಅಂಟಿಸಿ, ಕಾಗದದ ಪಟ್ಟಿ ಹೊರಬರುವುದನ್ನು ನೋಡುತ್ತ ನಿಲ್ಲುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಎದೆಗಳ ಪರಿಚಯವಾಗಿತ್ತೇ ಹೊರತು ಮುಖಗಳದ್ದಲ್ಲ. ಪಟ್ಟಿಗಳಿಗೆ ಸಹಿ ಹಾಕುವ ಡಾಕ್ಟರು ಮೇಲಿನ ಮಹಡಿಯಲ್ಲಿದ್ದರು. ಅವರನ್ನು ಎಲ್ಲರೂ ಬೆನ್ನ ಹಿಂದೆ ಸಹಿ ಡಾಕ್ಟರು ಎನ್ನುತ್ತಿದ್ದರು. ಪಟ್ಟಿಯ ಬದಲು ದಿನಪತ್ರಿಕೆ ಮುಂದಿಟ್ಟರೂ ‘ನಾರ್ಮಲ್’ ಎಂದು ಬರೆದು ಸಹಿ ಹಾಕುತ್ತಾರೆಂದು ನರ್ಸುಗಳು ನಗುತ್ತಿದ್ದರು.

ಪ್ರವಾಸದ ಕಂಪನಿಯ ಫಾರ್ಮಿನಲ್ಲಿ ಒಂದು ಷರತ್ತು ಇತ್ತು. ಐವತ್ತು ದಾಟಿದವರು ಇಸಿಜಿ ತೆಗೆಸಿ, ಡಾಕ್ಟರ ಸಹಿಯೊಂದಿಗೆ ಲಗತ್ತಿಸಬೇಕು. ಗಂಡನಿಗೆ ಐವತ್ತಾರು. ಊಟದ ಬಿಡುವಿನಲ್ಲಿ ಬರಹೇಳಿದಳು. ಅವನು ಅಂಗಿ ಬಿಚ್ಚಿ ಮಲಗಿದಾಗ, ಅವನ ಎದೆಯ ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು ಎಂದು ಒಂದು ಕ್ಷಣ ಯೋಚಿಸಿದಳು. ಆಮೇಲೆ ಪಟ್ಟಿ ಬರತೊಡಗಿತು.

ಗೆರೆಗಳು ಕುಸಿದಿದ್ದವು. ಮಟ್ಟಸವಾಗಿ ಹೋಗಬೇಕಾದ ಕಡೆ ತಗ್ಗಿಗೆ ಇಳಿದು, ಏದುಸಿರು ಬಿಟ್ಟು ಮೇಲೆ ಬರುವಂತಿದ್ದವು. ಇಂಥ ಪಟ್ಟಿಗಳನ್ನು ಅವಳು ನೂರಾರು ನೋಡಿದ್ದಳು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ. ಸಮತಟ್ಟು ನೆಲದಲ್ಲಿ ಹೇಗೋ ಕಾಲ ತಳ್ಳಬಹುದು. ಗಾಳಿ ಅರ್ಧಕ್ಕರ್ಧ ತೆಳುವಾಗುವ ಎತ್ತರದಲ್ಲಿ, ಬೆನ್ನ ಮೇಲೆ ಚೀಲ ಹೊತ್ತು, ದಿನಕ್ಕೆ ಏಳು ಗಂಟೆ ನಡೆದರೆ ಅದು ನಿಲ್ಲುತ್ತದೆ. ಈಗ ಈ ಪಟ್ಟಿ ಹಿಡಿದು ಮೇಲಿನ ಮಹಡಿಗೆ ಓಡಿ, ‘ಸರ್, ಸ್ವಲ್ಪ ನೋಡಿ’ ಎನ್ನಬೇಕಾದದ್ದು ಅವಳ ಕೆಲಸ.

"ಸರಿ ಬಂತಾ? ಇನ್ನೊಂದು ಸಲ ತೆಗೀಬೇಕಾ?" ಎಂದು ಗಂಡ ಮಂಚದಿಂದ ಕೇಳಿದ.

"ಬೇಡ. ಚೆನ್ನಾಗಿ ಬಂದಿದೆ," ಎಂದು ಅವಳು ಪಟ್ಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಅವಳೇನೂ ಮಾಡಬೇಕಾಗಿರಲಿಲ್ಲ ಎನ್ನುವುದೇ ಆ ಯೋಜನೆಯ ಸೊಗಸು. ವಿಷವಿಲ್ಲ, ಹಗ್ಗವಿಲ್ಲ, ಕೈಗೆ ರಕ್ತದ ಕಲೆಯಿಲ್ಲ. ಒಂದು ಕಾಗದದ ಬದಲು ಇನ್ನೊಂದು ಕಾಗದ. ಮಿಕ್ಕದ್ದನ್ನು ಬೆಟ್ಟ ನೋಡಿಕೊಳ್ಳುತ್ತದೆ. ಮಗಳನ್ನು ಬೆಟ್ಟಕ್ಕೆ ಕೊಟ್ಟು ಬಂದವನನ್ನು ಬೆಟ್ಟವೇ ತೆಗೆದುಕೊಂಡರೆ ಅದರಲ್ಲಿ ಅನ್ಯಾಯವೇನೂ ಅವಳಿಗೆ ಕಾಣಲಿಲ್ಲ.

ಒಂದು ಗಟ್ಟಿ ಹೃದಯ ಬೇಕಿತ್ತು. ಯಾರಾದರೂ ರೋಗಿಯ ಇಸಿಜಿ ಪಟ್ಟಿ ಕದಿಯಬಹುದಿತ್ತು, ಆದರೆ ರೋಗಿಗೆ ಫೈಲ್ ಇರುತ್ತದೆ, ಅವನು ನಾಳೆ ಮತ್ತೆ ಬರುತ್ತಾನೆ. ಒಂದೇ ಹೃದಯ ಎರಡು ಹೆಸರಿನಲ್ಲಿ ಸಿಕ್ಕಿಬಿದ್ದರೆ ಮುಗಿಯಿತು. ಎರಡು ದಿನ ಯೋಚಿಸಿದಳು. ಯಾವ ಫೈಲಿನಲ್ಲೂ ಇಲ್ಲದ, ಯಾರೂ ಎಂದೂ ಪರೀಕ್ಷಿಸದ ಒಂದೇ ಒಂದು ಹೃದಯ ಅವಳಿಗೆ ಗೊತ್ತಿತ್ತು. ಮೂರನೆಯ ದಿನ ಊಟದ ಹೊತ್ತಿಗೆ ಕೋಣೆಯ ಚಿಲಕ ಹಾಕಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಮಂಚದ ಮೇಲೆ ತಾನೇ ಮಲಗಿದಳು. ಬಟ್ಟಲುಗಳು ಎಷ್ಟು ತಣ್ಣಗಿವೆ ಎಂಬುದು ಅವತ್ತು ತಿಳಿಯಿತು. ಅವಳ ಮೈಯನ್ನು ಏನಾದರೂ ಮುಟ್ಟಿ ಎಷ್ಟೋ ಕಾಲವಾಗಿತ್ತು.

ಹಳೆಯ ಯಂತ್ರವನ್ನೇ ಬಳಸಿದಳು. ಹೊಸದು ವಾಚಾಳಿ, ಗಂಟೆ, ದಿನಾಂಕ, ಅಳತೆ, ಮೇಲೊಂದು ತನ್ನದೇ ಅಭಿಪ್ರಾಯ, ಎಲ್ಲವನ್ನೂ ಅಚ್ಚು ಹಾಕುತ್ತದೆ. ಹಳೆಯದು ಗೆರೆ ಎಳೆದು ಸುಮ್ಮನಾಗುತ್ತದೆ. ಬಂದ ಪಟ್ಟಿಯನ್ನು ದೀಪದ ಕೆಳಗೆ ಹಿಡಿದು, ಯಾರದ್ದನ್ನೋ ನೋಡುವಂತೆ ನೋಡಿದಳು. ತಾಳ ತಪ್ಪಿಲ್ಲ. ಅಲೆಗಳು ನೆಟ್ಟಗಿವೆ. ಎಲ್ಲೂ ಕುಸಿತವಿಲ್ಲ. ಚೆಲುವಾದ ಪಟ್ಟಿ. ಮೂಲೆಯಲ್ಲಿ ಗಂಡನ ಹೆಸರು, ವಯಸ್ಸು ಬರೆದಳು. ಸಹಿ ಡಾಕ್ಟರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಸಹಿ ಹಾಕಿ, ಕತ್ತು ಅಲ್ಲಾಡಿಸಿ ಕಳಿಸಿದರು. ಗಂಡನ ನಿಜವಾದ ಪಟ್ಟಿ ಚೂರು ಚೂರಾಗಿ, ಗಾಯ ಒರೆಸಿದ ಹತ್ತಿಯ ಜೊತೆ ಆಸ್ಪತ್ರೆಯ ಕಸ ಸುಡುವ ಒಲೆಗೆ ಹೋಯಿತು.

ಆಮೇಲೆ ಸಿದ್ಧತೆ ಶುರುವಾಯಿತು. ಅದರಲ್ಲಿ ಅವಳು ಒಂದಿಷ್ಟೂ ಕೊರತೆ ಮಾಡಲಿಲ್ಲ. ಕಂಪನಿ ಕೊಟ್ಟ ಸಾಮಾನಿನ ಪಟ್ಟಿ ಹಿಡಿದು ಉಣ್ಣೆಯ ಕಾಲುಚೀಲ, ಕೈಗವಸು, ಒಳ ಅಂಗಿ, ಕಪ್ಪು ಕನ್ನಡಕ ಒಂದೊಂದಾಗಿ ಜೋಡಿಸಿದಳು. ಹೊಸ ಬೂಟು ಕಚ್ಚುತ್ತದೆಂದು ಮನೆಯೊಳಗೇ ಹಾಕಿಕೊಂಡು ಓಡಾಡಲು ಹೇಳಿದಳು. ಸಂಜೆ ಅವನು ಚೀಲಕ್ಕೆ ಹಳೆಯ ಪುಸ್ತಕ ತುಂಬಿಕೊಂಡು ಕಟ್ಟಡದ ಒಂಬತ್ತು ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಅವಳು ಬಾಗಿಲ ಬಳಿ ನಿಂತು ಹೆಜ್ಜೆಯ ಸದ್ದು ಕೇಳುತ್ತಿದ್ದಳು. ಮೊದಲ ವಾರ ಐದನೆಯ ಮಹಡಿಯಲ್ಲಿ ಸದ್ದು ನಿಲ್ಲುತ್ತಿತ್ತು. ಮೂರನೆಯ ವಾರ ನಾಲ್ಕರಲ್ಲೇ.

"ವಯಸ್ಸು," ಎನ್ನುತ್ತಿದ್ದ ಅವನು, ಎದೆ ಒತ್ತಿಕೊಂಡು.

"ಅಭ್ಯಾಸ ಆದ್ರೆ ಸರಿಹೋಗುತ್ತೆ," ಎನ್ನುತ್ತಿದ್ದಳು ಅವಳು.

ಪರ್ವತಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು. ವರ್ಷವೂ ಯಾರೋ ಒಬ್ಬರು ಗುಂಪಿನಿಂದ ಹಿಂದುಳಿದು, ಬಂಡೆಯ ಮೇಲೆ ಕೂತು, ಮತ್ತೆ ಏಳುವುದಿಲ್ಲ. ಕಂಪನಿ ಒಂದು ಮರ್ಯಾದೆಯ ಪತ್ರ ಬರೆಯುತ್ತದೆ. ಹೆಂಡತಿಯನ್ನು ಯಾರೂ ಏನೂ ಕೇಳುವುದಿಲ್ಲ, ಕೈಹಿಡಿದು ಸಮಾಧಾನ ಹೇಳುತ್ತಾರೆ. ಅವನಿಲ್ಲದ ಮನೆ ಹೇಗಿರುತ್ತದೆಂದು ಊಹಿಸಲು ಒಂದು ಭಾನುವಾರವೆಲ್ಲ ಪ್ರಯತ್ನಪಟ್ಟಳು. ಯಾವ ಕುರ್ಚಿ ಎಲ್ಲಿಡುವುದು, ಯಾರ ಜೊತೆ ಏನು ಮಾತಾಡುವುದು. ಎಷ್ಟು ಯೋಚಿಸಿದರೂ ಈಗಿನದಕ್ಕಿಂತ ಬೇರೆಯಾಗಿ ಏನೂ ತೋಚಲಿಲ್ಲ. ಈಗಲೇ ಅಷ್ಟು ಸದ್ದಿಲ್ಲದ ಮನೆ ಅದು.

ಹೊರಡಲು ಎರಡು ವಾರವಿದ್ದಾಗ ಅವನು ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ನೀನೂ ಬಾ. ಕೆಳಗಿನ ಊರಿನ ತನಕ ಗಾಡಿ ಹೋಗುತ್ತಂತೆ. ನಾನು ಇಳಿದು ಬರೋ ತನಕ ಅಲ್ಲಿ ಇರಬಹುದು."

"ರಜೆ ಸಿಗಲ್ಲ."

ಅವನು ಹೋಗಲಿಲ್ಲ. ಚೌಕಟ್ಟಿನ ಮೇಲೆ ಬೆರಳಾಡಿಸುತ್ತ, ಏನೋ ಹೇಳುವವನಂತೆ ಬಾಯಿ ತೆರೆದ. ಅವಳು ಚೀಲದ ಜಿಪ್ಪಿನ ಮೇಲೆ ಬಗ್ಗಿ, ಅದನ್ನು ಎಳೆಯುತ್ತಲೇ ಇದ್ದಳು. ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಅದಾದ ನಾಲ್ಕು ದಿನಕ್ಕೆ ಕಂಪನಿಯವರು ಸಭೆ ಕರೆದರು. ಬೆಳಗಿನ ಹೊತ್ತು, ಕಚೇರಿಯ ದೊಡ್ಡ ಕೋಣೆ. ಮನೆಯವರೂ ಬರಬೇಕೆಂದು ಹೇಳಿದ್ದರು. ದಪ್ಪ ಬೆರಳುಗಳ ಗೈಡ್ ಎಲ್ಲರ ಬೂಟುಗಳನ್ನು ತಿರುಗಿಸಿ ನೋಡುತ್ತ, "ಇಷ್ಟು ಹೊಳೆಯೋ ಬೂಟು ಹಾಕ್ಕೊಂಡು ಬಂದ್ರೆ ಬೆಟ್ಟ ನಾಚ್ಕೊಳ್ಳುತ್ತೆ, ಸ್ವಲ್ಪ ಕೊಳೆ ಮಾಡ್ಕೊಂಡು ಬನ್ನಿ" ಎಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಕ್ಕದ ಸಣ್ಣ ಕೋಣೆಯಲ್ಲಿ ಕಂಪನಿಯ ಡಾಕ್ಟರು ಕೂತಿದ್ದರು. ಬಿಳಿ ತಲೆಯ ಹೆಂಗಸು, ಪರ್ವತದ ಶಿಬಿರಗಳಲ್ಲೇ ವರ್ಷಗಟ್ಟಲೆ ಕಳೆದವರು. ಒಬ್ಬೊಬ್ಬರನ್ನೇ ಕರೆದು ಎರಡು ಮಾತಾಡಿ ಕಳಿಸುತ್ತಿದ್ದರು. ಅವಳಿಗೆ ಆತಂಕವಿರಲಿಲ್ಲ. ಸಹಿ ಇದೆ, ಮೊಹರು ಇದೆ.

ಗಂಡನ ಸರದಿ ಬಂದಾಗ ಡಾಕ್ಟರು ಬಾಗಿಲಿಗೇ ಬಂದು, "ಮನೆಯವರೂ ಬರಲಿ" ಎಂದರು.

ಮೇಜಿನ ಮೇಲೆ ಪಟ್ಟಿ ಹರಡಿತ್ತು. ಪಕ್ಕದಲ್ಲಿ ಕೈವಾರದಂಥ, ಎರಡು ಮೊನೆಯ ಅಳತೆಯ ಕಡ್ಡಿ.

"ನೀವು ಹೋಗೋ ಹಾಗಿಲ್ಲ," ಎಂದರು ಡಾಕ್ಟರು ಗಂಡನಿಗೆ. "ಬೇಜಾರು ಮಾಡ್ಕೋಬೇಡಿ. ಸಹಿ ಹಾಕಿದವರು ಇದನ್ನು ಅಳೆದಿಲ್ಲ. ನೋಡೋಕೆ ಚೆನ್ನಾಗೇ ಇದೆ, ಆದರೆ ಈ ಹೃದಯ ಒಂದು ಬಡಿತದಿಂದ ಸುಧಾರಿಸಿಕೊಳ್ಳೋಕೆ ತುಂಬ ಹೊತ್ತು ತಗೊಳ್ತಿದೆ. ಇಂಥವರು ವರ್ಷಗಟ್ಟಲೆ ಆರಾಮಾಗಿ ಇರ್ತಾರೆ, ಒಂದು ದಿನ ನಿಂತಲ್ಲೇ ಹೋಗಿಬಿಡ್ತಾರೆ. ಇವತ್ತೇ ಆಸ್ಪತ್ರೆಗೆ ಸೇರಿ. ಮದ್ದು ಶುರುಮಾಡಿದ್ರೆ ಬದುಕೋಕೆ ಏನೂ ತೊಂದರೆ ಇಲ್ಲ." ಪೆನ್ನು ತೆಗೆದುಕೊಂಡರು. "ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?"

ಗಂಡ ಪಟ್ಟಿಯಿಂದ ಕಣ್ಣೆತ್ತಿದ.

"ನಮ್ಮ ಮಗಳು," ಎಂದ. "ಬೆಟ್ಟದಲ್ಲಿ. ಜಾರಿಬಿದ್ದಳು ಅಂತ ಎಲ್ಲರೂ ಬರ್ಕೊಂಡ್ರು. ಅವಳು ಜಾರಲಿಲ್ಲ ಡಾಕ್ಟ್ರೇ. ಅವಳೇ ಮುಂದೆ ಓಡ್ತಿದ್ದಳು, ನಾನು ಹಿಂದೆ ಇದ್ದೆ. ತಿರುಗಿ ನನ್ನ ನೋಡಿ ನಕ್ಕಳು. ಹಾಗೇ, ನಿಂತ ಹಾಗೇ ಕುಸಿದಳು. ಉರುಳಿದ್ದು ಆಮೇಲೆ. ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಿದೀನಿ ಅಂದ್ಕೋತಾರೆ ಅಂತ ಯಾರಿಗೂ ಹೇಳಲಿಲ್ಲ. ಇವಳಿಗೂ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದು ವಂಶದಲ್ಲಿ ಬರೋದು," ಎಂದರು ಮೆಲ್ಲಗೆ. "ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಕ್ಕಳಿಗೆ ಹೋಗುತ್ತೆ. ಯಾರ ತಪ್ಪೂ ಅಲ್ಲ."

"ಹಾಗಾದ್ರೆ ನನ್ನಿಂದಲೇ," ಎಂದು ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಒಂದು ಕೈ ಚಾಚಿ, ಏಳು ವರ್ಷದಲ್ಲಿ ಮೊದಲ ಸಲ, ಅವಳ ಕೈ ಹಿಡಿದ. "ನನ್ನಿಂದಲೇ ಹೋದಳಂತೆ ಕಣೇ, ನಮ್ಮ ಗುಬ್ಬಿ."

"ನೀವು ಇಸಿಜಿ ತೆಗೆಯೋರಂತೆ, ನಿಮಗೆ ಅರ್ಥ ಆಗುತ್ತೆ," ಎಂದು ಡಾಕ್ಟರು ಪಟ್ಟಿಯನ್ನು ಅವಳ ಕಡೆ ತಿರುಗಿಸಿದರು. ಆ ಮದ್ದು ತನಗೆ ಸಿಗಬೇಕೆಂದರೆ ಈ ಹೃದಯ ಯಾರದೆಂದು ಈಗಲೇ ಬಾಯಿ ಬಿಡಬೇಕು. ಬಿಟ್ಟರೆ, ಗಂಡನ ಪಟ್ಟಿ ಎಲ್ಲಿ ಎಂದು ಕೇಳುತ್ತಾರೆ. ಬಿಡದಿದ್ದರೆ ಮಗಳ ಸಾವನ್ನು ಅವನು ಜೀವಮಾನವಿಡೀ ಹೊರುತ್ತಾನೆ, ಅವಳೂ ಮಗಳ ಹಾಗೆ ಯಾವತ್ತೋ ಒಂದು ದಿನ ನಿಂತಲ್ಲೇ ಕುಸಿಯುತ್ತಾಳೆ. ಅವನ ಕೈ ಇನ್ನೂ ಅವಳ ಕೈಯಲ್ಲಿತ್ತು. "ಕಣ್ಣಿಗೆ ಕಾಣೋದಲ್ಲ, ಎಣಿಸಬೇಕು," ಎನ್ನುತ್ತಿದ್ದರು ಡಾಕ್ಟರು, ಕಡ್ಡಿಯ ಎರಡು ಮೊನೆಗಳನ್ನು ಕಾಗದದ ಮೇಲೆ ಊರಿ. "ಇಲ್ಲಿಂದ ಇಲ್ಲಿಗೆ ಹತ್ತು ಚಿಕ್ಕ ಚೌಕ ಇರಬೇಕು." ಇಪ್ಪತ್ತೆರಡು ವರ್ಷ ಅವಳು ಅಲೆಗಳ ಆಕಾರ ನೋಡಿದ್ದಳೇ ಹೊರತು ಚೌಕ ಎಣಿಸಿರಲಿಲ್ಲ, ಅದು ಡಾಕ್ಟರ ಕೆಲಸ. ಈಗ ಬಗ್ಗಿ ಎಣಿಸಿದಳು. ಹದಿಮೂರಿದ್ದವು.