ಹೆಡ್ಮಾಷ್ಟ್ರ ಹೊಟ್ಟೆಯ ಗಾಳಿ

ಒಂದಾನೊಂದು ಊರಿನ ಒಂದಾನೊಂದು ಹಿತ್ತಿಲಲ್ಲಿ ಒಂದು ನೀಲಿ ಕೊಳ. ಕೊಳದ ಮೇಲೆ ಒಂದು ಬಿಳಿ ಹಂಸ. ಹಂಸದ ಬಾಲದ ಕೆಳಗೆ ಒಂದು ಪುಟ್ಟ ಬಿರಡೆ. ಬಿರಡೆಯ ಒಳಗೆ, ಹಂಸದ ಹೊಟ್ಟೆ ತುಂಬ, ಏಳು ಸಮುದ್ರದಾಚೆಯ ಒಬ್ಬ ಅಜ್ಜನ ಉಸಿರು.

"ಅನೂ! ಹೆಡ್ಮಾಷ್ಟ್ರ ಗಾಳಿ ತೆಗ್ದಾಯ್ತಾ?"

ಡೆಕ್ ಮೇಲಿಂದ ಅಮ್ಮ ಕೂಗಿದಳು. ಅನ್ವಿತಾ ಬೆಚ್ಚಿಬಿದ್ದು ಹಂಸದ ಕೊರಳನ್ನು ತಬ್ಬಿಕೊಂಡಳು.

"ತೆಗೀತೀನಮ್ಮಾ. ಪ್ರಾಮಿಸ್!"

"ಬೆಳಗ್ಗೆ ದೋಸೆ ತಿನ್ನೋವಾಗ್ಲೂ ಪ್ರಾಮಿಸ್ ಅಂದಿದ್ದೆ. ಇದು ಹೊಸಾದಾ, ಅದೇ ಹಳೇದಾ?"

ಕೊಳ ಅಂದರೆ ಅಮೆರಿಕದ ಕ್ಯಾರಿಯಲ್ಲಿರುವ ಅವರ ಮನೆಯ ಹಿಂದಿನ ಸ್ವಿಮ್ಮಿಂಗ್ ಪೂಲು. ಹಂಸ ಅಂದರೆ ಅದರಲ್ಲಿ ತೇಲುವ ಗಾಳಿ ತುಂಬಿದ ಫ್ಲೋಟು. ಇಬ್ಬರು ಮಕ್ಕಳು ಆರಾಮಾಗಿ ಕೂರಬಹುದು, ಅಷ್ಟು ದೊಡ್ಡದು. ಕತ್ತು ನೆಟ್ಟಗೆ, ಮೂಗು ಮೇಲೆ, ಕಣ್ಣು ಮಾತ್ರ ಕೆಳಗೆ. "ಥೇಟ್ ನಮ್ಮ ಶಾಲೆಯ ಹೆಡ್ಮಾಷ್ಟ್ರು" ಎಂದು ಅಜ್ಜ ಹೇಳಿದ ದಿನದಿಂದ ಅದಕ್ಕೆ ಅದೇ ಹೆಸರು.

ಚಂಡಮಾರುತ ನಾಳೆ ಬರುವುದಿತ್ತು. ಅದಕ್ಕೂ ಒಂದು ಹೆಸರಿತ್ತು, ಪೆನ್ನಿ. ಅನ್ವಿತಾಳ ತಮ್ಮ ಚಿರಂತನನ ಕಿಂಡರ್‌ಗಾರ್ಟನ್ ಟೀಚರ್ ಹೆಸರೂ ಮಿಸ್ ಪೆನ್ನಿ. ಹಾಗಾಗಿ ಬೆಳಗಿನಿಂದ ಚಿರು ತುಂಬ ಗಲಿಬಿಲಿಯಲ್ಲಿದ್ದ.

"ಮಿಸ್ ಪೆನ್ನಿ ಯಾಕೆ ನಮ್ ಟ್ರೀ ಬೀಳಿಸ್ತಾಳೆ? ಶೀ ಈಸ್ ಸೋ ನೈಸ್!"

"ಅದು ಬೇರೆ ಪೆನ್ನಿ ಕಣೋ" ಎಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಮಿಸ್ ಪೆನ್ನಿ ಬಂದರೆ ಕೊಡಲು ಎರಡು ಕುಕಿ ಎತ್ತಿಟ್ಟಿದ್ದ. ಆಮೇಲೆ ಒಂದನ್ನು ತಾನೇ ತಿಂದ.

ಅಪ್ಪನದು ಇನ್ನೊಂದು ತರಹದ ಗಲಿಬಿಲಿ. ಅವನು ಪೂಲಿನ ಅಂಚಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದ: "ನೀರೆಲ್ಲ ಖಾಲಿ ಮಾಡಿಬಿಡುವ. ಹೇಗೂ ಅಷ್ಟು ಮಳೆ ಬರ್ತದಲ್ಲ. ತನ್ನಿಂದ ತಾನೇ ತುಂಬ್ತದೆ. ಫ್ರೀ!"

"ಪ್ರಶಾಂತ್, ಇದೇನು ನಿಮ್ಮೂರಿನ ನೀರಿನ ಟ್ಯಾಂಕಾ?" ಅಂದಳು ಅಮ್ಮ. "ಪೂಲ್ ಸ್ಟೋರಲ್ಲಿ ಏನಂದ್ರು ಮರೆತ್ರಾ? ಮಣ್ಣೆಲ್ಲ ನೆನೆದು ಉಬ್ಬಿದಾಗ ಪೂಲ್ ಖಾಲಿ ಇದ್ರೆ, ತಟ್ಟೆಯಿಂದ ಇಡ್ಲಿ ಎದ್ದ ಹಾಗೆ ಇಡೀ ಪೂಲೇ ಮೇಲೆದ್ದು ಬಿಡುತ್ತಂತೆ!"

ಅಪ್ಪ ಒಂದು ಕ್ಷಣ ಇಡ್ಲಿಯನ್ನೂ ಪೂಲನ್ನೂ ಒಟ್ಟಿಗೆ ಮನಸ್ಸಿನಲ್ಲಿ ನೋಡಿದ. ಆಮೇಲೆ ನೀರನ್ನು ಒಂದು ಗೇಣು ಮಾತ್ರ ಇಳಿಸಿ, ಕ್ಲೋರೀನ್ ಸುರಿದು, ಪಂಪಿನ ಕರೆಂಟು ಆಫ್ ಮಾಡಿದ.

ಆಮೇಲೆ ಶುರುವಾಯಿತು ಸಾಗಣೆ. ಗಾಳಿಗೆ ಹಾರುವಂಥದ್ದು ಒಂದೂ ಹೊರಗಿರಬಾರದು. ಕುರ್ಚಿಗಳು ಗ್ಯಾರೇಜಿಗೆ ಹೋದವು. ದೊಡ್ಡ ಕೊಡೆ ಗ್ಯಾರೇಜಿಗೆ ಹೋಯಿತು. ಕರಿಬೇವಿನ ಕುಂಡ ಲಿವಿಂಗ್ ರೂಮಿಗೆ ಬಂದು ಟಿವಿ ಪಕ್ಕದಲ್ಲಿ ನೆಂಟರಂತೆ ಕೂತಿತು. ಈಗ ಹಿತ್ತಿಲಲ್ಲಿ ಉಳಿದದ್ದು ಹೆಡ್ಮಾಷ್ಟ್ರು ಒಬ್ಬರೇ.

"ಬಿರಡೆ ಕೀಳೋದಕ್ಕೆ ಎಷ್ಟೊತ್ತು ಅನೂ?" ಅಂದಳು ಅಮ್ಮ.

ಬಿರಡೆ ಕೀಳುವುದು ಸುಲಭ. ಕಿತ್ತ ಮೇಲೆ ಏನಾಗುತ್ತದೆ ಎನ್ನುವುದೇ ಅನ್ವಿತಾಳ ಕಷ್ಟ.

ಜೂನಿನಲ್ಲಿ ಸುರತ್ಕಲ್ಲಿನಿಂದ ಜಯಕರ ಅಜ್ಜ ಬಂದಿದ್ದರು. ಬರುವಾಗ ಸೂಟ್‌ಕೇಸಿನಲ್ಲಿ ಗಾಳಿ ತುಂಬುವ ಒಂದು ಎಲೆಕ್ಟ್ರಿಕ್ ಪಂಪು ತಂದಿದ್ದರು. "ಅಮೆರಿಕದಲ್ಲಿ ಇದಕ್ಕೆಲ್ಲ ಯಾಕೆ ಸುಮ್ಮನೆ ದುಡ್ಡು ಕೊಡುವುದು?" ಪಾಪ, ಆ ಪಂಪಿಗೆ ಇಲ್ಲಿನ ಕರೆಂಟು ಸಾಲಲಿಲ್ಲ. ಅದು "ಹೂಂ" ಎಂದು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

"ಇದು ಹೋದರೆ ಹೋಗ್ಲಿ, ನಾನಿಲ್ವಾ?" ಎಂದು ಅಜ್ಜ ಬಾಯಿಂದಲೇ ಊದಲು ಕೂತರು. ಇಡೀ ಮಧ್ಯಾಹ್ನ ಊದಿದರು. ನಡುವೆ ಚಹಾ ಕುಡಿದರು. ಊದುತ್ತಲೇ ಕತೆ ಹೇಳಿದರು.

"ಒಬ್ಬ ರಾಕ್ಷಸ ಇದ್ದ... ಫೂ... ಅವನನ್ನು ಕೊಲ್ಲಲಿಕ್ಕೆ ಯಾರಿಗೂ... ಫೂ... ಆಗ್ತಿರಲಿಲ್ಲ. ಯಾಕೆ ಹೇಳು? ಅವನ ಜೀವ ಅವನ ಹತ್ತಿರ ಇರಲೇ ಇಲ್ಲ. ಏಳು ಸಮುದ್ರದ ಆಚೆ... ಫೂ... ಒಂದು ಗಿಳಿಯ ಹೊಟ್ಟೆಯೊಳಗೆ ಇತ್ತು!"

"ಗಿಳಿ ಸತ್ರೆ?" ಎಂದು ಕೇಳಿದ್ದಳು ಅನ್ವಿತಾ.

"ಗಿಳಿ ಸತ್ತರೆ ರಾಕ್ಷಸ ಧೊಪ್ಪಂತ ಬಿದ್ದ!" ಅಜ್ಜ ಕೆಂಪಾದ ಕೆನ್ನೆಗಳನ್ನು ಉಜ್ಜಿಕೊಂಡು ಹಂಸದ ಬೆನ್ನು ತಟ್ಟಿದ್ದರು. "ರಾಕ್ಷಸನಿಗೆ ಗಿಳಿ. ನನಗೆ ಈ ಹೆಡ್ಮಾಷ್ಟ್ರು. ಜೋಪಾನ ಆಯ್ತಾ ಮಗಾ?"

ಆಗಸ್ಟಿನಲ್ಲಿ ಅಜ್ಜ ಊರಿಗೆ ವಾಪಸು ಹೋದರು. ಈಗ ಅವರೂ ಏಳು ಸಮುದ್ರದ ಆಚೆ. ನಿನ್ನೆ ವಿಡಿಯೋ ಕಾಲಿನಲ್ಲಿ ಎರಡು ಸಲ ಕೆಮ್ಮಿದ್ದರು.

ಅನ್ವಿತಾ ಫೋರ್ತ್ ಗ್ರೇಡ್. ಅದು ಬರೀ ಕತೆ ಎಂದು ಅವಳಿಗೆ ಗೊತ್ತು. ಆದರೆ ಕತೆ ಎಂದು ಗೊತ್ತಿದ್ದರೂ, ಬಿರಡೆಯ ಮೇಲೆ ಬೆರಳಿಟ್ಟ ಕೂಡಲೇ ಹಿಂದಕ್ಕೆ ತೆಗೆದುಬಿಡುತ್ತಿದ್ದಳು.

ಅದಕ್ಕೇ ಅವಳು ಹೆಡ್ಮಾಷ್ಟ್ರನ್ನು ಬಚ್ಚಿಡುವುದೆಂದು ತೀರ್ಮಾನಿಸಿದಳು.

"ಚಿರು, ನೀನು ಹಿಂದಿಂದ ಪುಶ್ ಮಾಡು. ಅಮ್ಮಂಗೆ ಹೇಳ್ಬಾರ್ದು. ಸೀಕ್ರೆಟ್!"

"ಓಕೆ!" ಎಂದು ಚಿರು ಇಡೀ ಕ್ಯಾರಿಗೆ ಕೇಳುವಂತೆ ಕೂಗಿದ.

ಹೆಡ್ಮಾಷ್ಟ್ರ ಕತ್ತು ಬಾಗಿಲು ದಾಟಿತು. ಹೊಟ್ಟೆ ದಾಟಲಿಲ್ಲ. ಅನ್ವಿತಾ ಕತ್ತು ಹಿಡಿದು ಎಳೆದಳು, ಚಿರು ಬಾಲಕ್ಕೆ ತಲೆಕೊಟ್ಟು ನೂಕಿದ. ರೆಕ್ಕೆಗಳು ಬಾಗಿಲಿಗೆ ಉಜ್ಜಿ "ಕೀಂಯ್" ಎಂದವು. ಕೊನೆಗೆ ಪುಸಕ್ಕನೆ ಒಳಗೆ ಬಂದ ಹೆಡ್ಮಾಷ್ಟ್ರು ಇಬ್ಬರನ್ನೂ ಬೀಳಿಸಿದರು. ಮಹಡಿ ಹತ್ತಿಸುವುದು ಆಗದ ಮಾತು. ಹತ್ತಿರವಿದ್ದದ್ದು ಕೆಳಗಿನ ಪುಟ್ಟ ಬಾತ್‌ರೂಮು. ಅದರೊಳಗೆ ಅದುಮಿ ಬಾಗಿಲು ಹಾಕಿದರು.

ಐದು ನಿಮಿಷವೂ ಆಗಿರಲಿಲ್ಲ. ಅಮ್ಮ ಕೈ ತೊಳೆಯಲು ಆ ಬಾಗಿಲನ್ನೇ ತೆರೆದಳು. ಒಳಗೆ ಬಗ್ಗಿ ಕೂತಿದ್ದ ಕತ್ತು ಚಂಗನೆ ಎದ್ದು, ಕೊಕ್ಕು ಅಮ್ಮನ ಮೂಗಿಗೇ ತಾಗಿತು.

"ಅಯ್ಯಯ್ಯೋ!"

ಆ ಕೂಗಿಗೆ ಅಪ್ಪ ಗ್ಯಾರೇಜಿನಲ್ಲಿ ಕೊಡೆಯನ್ನು ಕಾಲ ಮೇಲೆ ಹಾಕಿಕೊಂಡ.

"ಅನ್ವಿತಾ!" ಅಮ್ಮ ಪೂರ್ತಿ ಹೆಸರು ಹಿಡಿದು ಕರೆದಳು ಅಂದರೆ ಮುಗಿಯಿತು. "ಮಧ್ಯಾಹ್ನ ಊಟದ ಹೊತ್ತಿಗೆ ಇದರ ಗಾಳಿ ಹೋಗಿರ್ಬೇಕು. ಇಲ್ಲಾಂದ್ರೆ ಅಪ್ಪ ಬಂದು ತೆಗೀತಾರೆ. ಕರೆಂಟ್ ಹೋದ್ರೆ ಕತ್ತಲಲ್ಲಿ ನಾನು ಇದರ ಜೊತೆ ಬಾತ್‌ರೂಮ್ ಶೇರ್ ಮಾಡ್ಬೇಕಾ?"

ಅಮ್ಮ ಹೋದ ಮೇಲೆ ಅನ್ವಿತಾ ಯೋಚಿಸಿದಳು. ಗಾಳಿ ತೆಗೆಯಲೇಬೇಕು. ಆದರೆ ತೆಗೆದ ಗಾಳಿಯನ್ನು ಬಿಟ್ಟುಬಿಡಬೇಕು ಎಂದು ಅಮ್ಮ ಹೇಳಿರಲಿಲ್ಲವಲ್ಲ!

ಅಡುಗೆಮನೆಯಿಂದ ಜಿಪ್‌ಲಾಕ್ ಚೀಲಗಳ ಡಬ್ಬಿ ಬಂತು. ಬಾತ್‌ರೂಮಿನ ಬಾಗಿಲು ಮತ್ತೆ ಮುಚ್ಚಿತು. ಅನ್ವಿತಾ ಬಿರಡೆಯನ್ನು ಚೂರೇ ಸಡಿಲಿಸಿ, ಚೀಲದ ಬಾಯಿಯನ್ನು ಅದಕ್ಕೆ ಹಿಡಿದು, ಹಂಸದ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಚೀಲ ಉಬ್ಬಿತು. ಚಕ್ಕನೆ ಜಿಪ್ ಎಳೆದಳು.

"ಇದು ಅಜ್ಜ. ಇಟ್ಕೋ" ಎಂದು ಚಿರುವಿಗೆ ಕೊಟ್ಟಳು.

ಚಿರು ಎರಡೂ ಕೈಯಲ್ಲಿ ತೆಗೆದುಕೊಂಡು ಸಿಂಕಿನೊಳಗೆ ಇಟ್ಟ. "ಇದೂ ಅಜ್ಜ?"

"ಇದೂ ಅಜ್ಜ."

ಸಿಂಕು ತುಂಬಿತು. ಟವೆಲ್ ಇಡುವ ಶೆಲ್ಫು ತುಂಬಿತು. ಹೆಡ್ಮಾಷ್ಟ್ರು ಮಾತ್ರ ಸ್ವಲ್ಪವೂ ಬಡವಾಗಲಿಲ್ಲ. ಡಬ್ಬಿಯಲ್ಲಿ ಚೀಲಗಳೇ ಮುಗಿಯುತ್ತ ಬಂದವು. ಚಿರುವಿಗೆ ನಿಂತು ನಿಂತು ಕಾಲು ನೋವು. ಟಾಯ್ಲೆಟ್ಟಿನ ಮುಚ್ಚಳದ ಮೇಲೆ ಕೂತ.

ಟಪ್!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಚಿರು ಮೆಲ್ಲಗೆ ಎದ್ದು ಹಿಂದೆ ತಿರುಗಿದ. ಮುಚ್ಚಳದ ಮೇಲೆ ಇಟ್ಟಿದ್ದ ಒಂದು ಚೀಲ ಒಡೆದು ಚಪ್ಪಟೆಯಾಗಿ ಬಿದ್ದಿತ್ತು.

"ಚಿರು! ಅಜ್ಜನ ಮೇಲೆ ಕೂತುಬಿಟ್ಯಲ್ಲೋ!"

ಚಿರುವಿನ ಬಾಯಿ ಮೊದಲು ತೆರೆಯಿತು, ಸದ್ದು ಆಮೇಲೆ ಬಂತು. ಅಳುತ್ತ ಬಾಗಿಲು ತೆರೆದು ಓಡಿದ. "ಅಮ್ಮಾ! ಐ ಸ್ಯಾಟ್ ಆನ್ ಅಜ್ಜ! ಅಜ್ಜ ಒಡ್ದೋದ್ರು!"

ಅಮ್ಮನ ಕೈಯಿಂದ ಸೌಟು ಬಿತ್ತು. ಅಪ್ಪ ಕುಂಟುತ್ತ ಬಂದ. ಬಾತ್‌ರೂಮಿನಲ್ಲಿ ಉಬ್ಬಿದ ಚೀಲಗಳ ನಡುವೆ ಅನ್ವಿತಾ ಕೂತು ಅಳುತ್ತಿದ್ದಳು. ರಾಕ್ಷಸ, ಗಿಳಿ, ಕೆಮ್ಮು, ಎಲ್ಲವೂ ಅಳುವಿನ ಜೊತೆ ಹೊರಗೆ ಬಂತು.

ಅಮ್ಮ ನಗಲು ಹೊರಟವಳು ಮಗಳ ಮುಖ ನೋಡಿ ನಿಲ್ಲಿಸಿಕೊಂಡಳು.

"ಇಷ್ಟೇ ಅಲ್ವಾ?" ಅಂದ ಅಪ್ಪ. "ಫೋನ್ ಮಾಡಿ ಅಜ್ಜನ ಹತ್ರನೇ ಕೇಳುವ."

ಫೋನು ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಅಪ್ಪ ಮತ್ತೆ ಮಾಡಿದ. ಈ ಸಲ ಅವನ ಮುಖದಲ್ಲೂ ನಗು ಸ್ವಲ್ಪ ಕಡಿಮೆಯಿತ್ತು. ಅನ್ವಿತಾ ಒಂದು ಜಿಪ್‌ಲಾಕ್ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಹೆಚ್ಚು ಜೋರಾಗಿ ಅಲ್ಲ, ಒಡೆಯಬಾರದಲ್ಲ.

ಫೋನಿನ ತುಂಬ ಒಂದು ದೊಡ್ಡ ಮೂಗು ಬಂತು. ಅದು ಹಿಂದೆ ಸರಿದು ಅಜ್ಜಿಯಾಯಿತು.

"ಎಂತ ಮಾರಾಯಾ, ಮಲಗುವ ಹೊತ್ತಿಗೆ? ಎಲ್ಲ ಸರಿ ಉಂಟಲ್ಲ?"

"ಅಜ್ಜಿ, ಅಜ್ಜ ಎಲ್ಲಿ? ಅಜ್ಜಂಗೆ ಉಸಿರು ಇದ್ಯಾ?" ಅನ್ವಿತಾ ಒಂದೇ ಉಸಿರಿಗೆ ಕೇಳಿದಳು.

"ಉಸಿರಾ?" ಅಜ್ಜಿ ಫೋನನ್ನು ಪಕ್ಕಕ್ಕೆ ತಿರುಗಿಸಿದರು. "ಇಡೀ ಬಿಲ್ಡಿಂಗಿಗೆ ಕೇಳ್ತಾ ಉಂಟು. ನಿನಗೆ ಕೇಳುವುದಿಲ್ವಾ?"

ಊರಲ್ಲಿ ಆಗಲೇ ರಾತ್ರಿ, ಅಜ್ಜ ಮಲಗಿದ್ದರು. ಅವರ ಮೂಗಿನಿಂದ "ಖೊರ್ರ್ರ್..." ಎಂದು ಒಂದು ಲಾರಿ ಘಾಟಿ ಹತ್ತುತ್ತಿತ್ತು, ಆಮೇಲೆ "ಫೂ..." ಎಂದು ಇಳಿಯುತ್ತಿತ್ತು. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು.

ಅಜ್ಜಿ ಅವರ ಭುಜ ಅಲುಗಿಸಿದರು. "ಹೇಯ್, ಏಳಿ. ಪುಳ್ಳಿ ಅನು ಫೋನ್ ಮಾಡಿದ್ದಾಳೆ."

ಅಜ್ಜ ಒಂದು ಕಣ್ಣು ತೆರೆದರು. "ಎಂತ ಮಗಾ?"

"ಅಜ್ಜಾ, ಸ್ಟಾರ್ಮ್ ಬರ್ತಾ ಇದೆ. ಹೆಡ್ಮಾಷ್ಟ್ರ ಗಾಳಿ ತೆಗೀಬೇಕಂತೆ. ನೀವು ಊದಿದ್ದು." ಅವಳು ಕೈಯಲ್ಲಿದ್ದ ಚೀಲವನ್ನು ಫೋನಿನ ಮುಂದೆ ಹಿಡಿದಳು. "ತೆಗೀಲಾ?"

"ತೆಗಿ, ತೆಗಿ." ಅಜ್ಜನ ಕಣ್ಣು ಮತ್ತೆ ಮುಚ್ಚಿತು. "ನನ್ನ ಹತ್ತಿರ ಬೇಕಾದಷ್ಟು ಉಂಟು..." ಆಮೇಲಿನ ಮಾತು "ಖೊರ್ರ್ರ್" ಎಂದು ಮುಗಿಯಿತು.

"ಇನ್ನು ಅವರನ್ನು ಎಬ್ಬಿಸಲಿಕ್ಕೆ ನಿಮ್ಮ ಚಂಡಮಾರುತವೇ ಬರಬೇಕು" ಅಂದರು ಅಜ್ಜಿ.

"ಅಜ್ಜಿ, ಫೋನ್ ಹಾಗೇ ಇಡ್ತೀರಾ? ಸ್ವಲ್ಪ ಹೊತ್ತು?"

ಅಜ್ಜಿ ಆಗಲಿ ಅಂದರು. ಫೋನನ್ನು ಅಜ್ಜನ ದಿಂಬಿಗೆ ಒರಗಿಸಿಟ್ಟರು.

ಅನ್ವಿತಾ ಹೆಡ್ಮಾಷ್ಟ್ರನ್ನು ಹಿತ್ತಿಲಿಗೆ ಎಳೆದು ತಂದಳು. ಅಪ್ಪನ ಫೋನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದಳು. ಆಗಲೇ ಗಾಳಿ ಶುರುವಾಗಿತ್ತು. ಬೇಲಿಯಾಚೆಯ ಪೈನ್ ಮರಗಳು ತೂಗುತ್ತಿದ್ದವು. ಕುರ್ಚಿಗಳಿಲ್ಲದ ಪೂಲು ಯಾರದೋ ಮನೆಯ ಪೂಲಿನಂತೆ ಕಾಣುತ್ತಿತ್ತು.

ಅವಳು ಬಿರಡೆ ಕಿತ್ತಳು.

ಉಸ್ಸ್ಸ್ ಎಂದು ಗಾಳಿ ಅವಳ ಮುಖಕ್ಕೆ ಬಂತು. ಅದರಲ್ಲಿ ಅಜ್ಜನ ಚಹಾದ ವಾಸನೆ ಇರಬಹುದೆಂದು ಮೂಸಿದಳು. ಬರೀ ಪ್ಲಾಸ್ಟಿಕ್ಕಿನ ವಾಸನೆ. ಅವಳು ಫೋನಿನ ಕಡೆ ನೋಡಿದಳು. ಖೊರ್ರ್ರ್... ಫೂ...

ಹೊಟ್ಟೆಯನ್ನು ಇನ್ನಷ್ಟು ಒತ್ತಿದಳು. ಮತ್ತೆ ನೋಡಿದಳು. ಖೊರ್ರ್ರ್... ಫೂ...

ರೆಕ್ಕೆಗಳು ಜೋತುಬಿದ್ದವು. ಕತ್ತು ನಿಧಾನವಾಗಿ ಬಗ್ಗಿತು, ಹೆಡ್ಮಾಷ್ಟ್ರು ಮೊದಲ ಸಲ ಯಾರಿಗೋ ನಮಸ್ಕಾರ ಮಾಡುವಂತೆ. ಅಷ್ಟು ಹೊತ್ತಿಗೆ ಅನ್ವಿತಾ ಫೋನಿನ ಕಡೆ ತಿರುಗಿ ನೋಡುವುದನ್ನು ಬಿಟ್ಟಿದ್ದಳು. ಸದ್ದು ಕೇಳುತ್ತಿತ್ತಲ್ಲ, ಸಾಕು.

ಚಿರು ಚೀಲಗಳನ್ನು ತಬ್ಬಿಕೊಂಡು ಬಂದ. ಅವನ ಕೆನ್ನೆ ಇನ್ನೂ ಒದ್ದೆಯಿತ್ತು. "ಇವನ್ನ?"

"ನೀನು ಓಪನ್ ಮಾಡು."

ಚಿರು ಒಂದೊಂದೇ ಜಿಪ್ ತೆರೆದ. ಪ್ರತಿ ಚೀಲಕ್ಕೂ "ಬೈ ಅಜ್ಜ" ಅಂದ. ಫೋನಿನಿಂದ ಪ್ರತಿ ಸಲವೂ "ಖೊರ್ರ್ರ್" ಎಂದು ಉತ್ತರ ಬಂತು. ನಾಲ್ಕನೆಯ ಚೀಲದ ಹೊತ್ತಿಗೆ ಅವನಿಗೆ ನಗು ತಡೆಯಲಾಗಲಿಲ್ಲ. ಅನ್ವಿತಾಳಿಗೂ ಅಷ್ಟೇ.

ಹೆಡ್ಮಾಷ್ಟ್ರನ್ನು ಮಡಿಚಿದರು. ಮತ್ತೆ ಮಡಿಚಿದರು. ಬಾಗಿಲಲ್ಲಿ ಹಿಡಿಸದವರು ಒಂದು ದಿನಸಿ ಚೀಲದೊಳಗೆ ಹಿಡಿಸಿದರು. ಕೊಕ್ಕು ಮಾತ್ರ ಹೊರಗೆ ಇಣುಕುತ್ತಿತ್ತು.

ಮೊದಲ ಮಳೆಹನಿ ಪೂಲಿನ ಮೇಲೆ ಬಿತ್ತು.

"ಅನೂ!" ಒಳಗಿನಿಂದ ಅಮ್ಮ ಕೂಗಿದಳು. "ಹೆಡ್ಮಾಷ್ಟ್ರ ಗಾಳಿ ತೆಗ್ದಾಯ್ತಾ?"

ಅನ್ವಿತಾ ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಎತ್ತಿಕೊಂಡು ಬಾಗಿಲಿಗೆ ಬಂದಳು.

"ಶ್, ಮೆಲ್ಲಗೆ ಅಮ್ಮಾ" ಎಂದು ಪಿಸುಗುಟ್ಟಿದಳು. "ಅಜ್ಜ ಮಲಗಿದಾರೆ. ತೆಗ್ದಾಯ್ತು."