ಗೋಡೆಯ ಮೇಲಿಟ್ಟ ಮಲ್ಲಿಗೆ

"ಇನ್ನೂ ಯಾಕೆ ಬರ್ಲಿಲ್ಲ?"

ಆದಿಲಕ್ಷ್ಮಿ ಯಾರನ್ನೂ ಕೇಳಿದ್ದಲ್ಲ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಡಕಶಿರಾ ಕಡೆಯ ದಾರಿ ನೋಡುತ್ತಿದ್ದವಳ ಮನಸ್ಸಿನ ಮಾತು ತಾನಾಗಿ ಹೊರಗೆ ಬಂದಿತ್ತು.

"ಬರಬೇಕಾಗಿದ್ದು ಬಸ್ಸೇನ್ರಿ, ಮನುಷ್ಯರೇನ್ರಿ?"

ಬೆಚ್ಚಿ ತಿರುಗಿದಳು. ಪಕ್ಕದ ಕಂಬಕ್ಕೆ ಒರಗಿ ಟೀ ಕುಡಿಯುತ್ತಿದ್ದವನು ನಗುತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅನ್ನುವಂತೆ ಕೇಳಿದ್ದ. ಮುಖ ಗುರುತು ಸಿಕ್ಕಿತು. ರಾಯದುರ್ಗದಲ್ಲಿ ಅವಳು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಕತ್ತರಿಸಿದ ಬಟ್ಟೆಯ ಗಂಟುಗಳನ್ನು ತರುವ ಟೆಂಪೋದವನು, ಗಿರೀಶ್. ಊರು ಗುಮ್ಮಘಟ್ಟ.

"ಮಗಳು," ಅಂದಳು ಚಿಕ್ಕದಾಗಿ.

ಅಷ್ಟರಲ್ಲಿ ಬಸ್ಸು ಬಂತು. ಎಂಟು ವರ್ಷದ ರಮ್ಯ ಮೊದಲು ಇಳಿದಳು. ಹಿಂದೆಯೇ ಅವಳ ಚೀಲ ಹಿಡಿದು ರಂಗನಾಥ್.

"ಪಾವಗಡದಲ್ಲಿ ಟೈರು ಪಂಚರ್ ಆಯ್ತು. ಕಾದೂ ಕಾದೂ ಸಾಕಾಯ್ತಾ?"

"ಇರಲಿ ಬಿಡಿ. ಕೆಮ್ಮು ಹೆಂಗೈತೆ?"

"ಕಮ್ಮಿ ಆಗೈತೆ. ಆದ್ರೂ ರಾತ್ರಿ ಮೊಸರು ಹಾಕ್ಬೇಡ. ಕೊನೇ ಪಾಠದ ಲೆಕ್ಕ ಮಾಡ್ಸಿಲ್ಲ, ನಂಗೇ ಬರ್ಲಿಲ್ಲ."

"ನಂಗೂ ಬರಲ್ಲ. ಟೀಚರ್‌ನ ಕೇಳ್ತೀನಿ."

ಇಬ್ಬರೂ ನಕ್ಕರು. ಹಿಪ್ಪುನೇರಳೆ ಹಣ್ಣಿನ ಡಬ್ಬಿ ಕೈ ಬದಲಾಯಿತು. ರಂಗನಾಥ್ ಮಗಳ ನೆತ್ತಿ ಮುಟ್ಟಿ, ಎದುರು ನಿಂತಿದ್ದ ವಾಪಸ್ ಬಸ್ಸು ಹತ್ತಿ ಹೊರಟೇಹೋದ.

ಗಿರೀಶನ ಟೀ ಲೋಟ ತುಟಿಯ ಹತ್ತಿರವೇ ನಿಂತಿತ್ತು. ಗಂಡ ಹೆಂಡತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೀಗೆ ಹೋಗುವುದುಂಟೇ?

ರಮ್ಯ ಅವನ ಮುಖ ನೋಡಿ ತಾನೇ ಹೇಳಿದಳು. "ಅವ್ರು ನಮ್ಮಪ್ಪ, ಇವ್ರು ನಮ್ಮಮ್ಮ. ಇಬ್ರೂ ಒಂದೇ ಮನೇಲಿಲ್ಲ ಅಷ್ಟೇ. ನಂಗೆ ಎರಡು ಮನೆ ಐತೆ. ನಿಮ್ಗೆಷ್ಟು?"

"ನನಗ ಒಂದ ಐತವ್ವಾ. ಅದೂ ಬಾಡಿಗಿದು," ಅಂದ ಗಿರೀಶ್.

ಆದಿಲಕ್ಷ್ಮಿ ಸೆರಗಿನ ಮರೆಯಲ್ಲಿ ನಕ್ಕಳು. ರಾಯದುರ್ಗದ ಬಸ್ಸು ಆಗಲೇ ತಪ್ಪಿತ್ತು. "ಗಾಡಿ ಖಾಲಿ ಹೊಂಟೈತಿ, ಬರ್ರಿ," ಅಂದ. ಆ ದಿನ ರಮ್ಯ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ರಾಯದುರ್ಗದ ಬೆಟ್ಟ ಕಾಣುವವರೆಗೆ ಗಿರೀಶ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಮೌನವೇ ಆದಿಲಕ್ಷ್ಮಿಗೆ ಹಿಡಿಸಿತು...

* * *

ಮದುವೆಯಾದ ಹೊಸದರಲ್ಲಿ ಅವಳೂ ರಂಗನಾಥನೂ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದವರು. ಅವಳು ಮನೆಗೆ ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ಜಗಳವಾಡಲೂ ಬಿಡುವಿಲ್ಲದೆ ಇಬ್ಬರ ನಡುವೆ ಮಾತು ಒಣಗಿತು. ಅವನಿಗೆ ಊರಿನ ಮಣ್ಣು ಬೇಕಾಗಿತ್ತು, ಅವಳಿಗೆ ತನ್ನ ಕೈಯ ದುಡಿಮೆ. ಕೊನೆಗೆ ಕೋರ್ಟಿನ ಮೆಟ್ಟಿಲು ಇಳಿದ ದಿನ ಇಬ್ಬರೂ ಎದುರಿನ ಅಂಗಡಿಯಲ್ಲಿ ಟೀ ಕುಡಿದು, ಊರಮ್ಮನ ಗುಡಿಗೆ ಹೋಗಿ ಒಂದೇ ಮಾತು ಕೊಟ್ಟುಕೊಂಡರು. ಮಗಳ ಮುಂದೆ ಒಬ್ಬರನ್ನೊಬ್ಬರು ಹಳಿಯಬಾರದು.

ಅವನು ಮಡಕಶಿರಾ ಹತ್ತಿರದ ಊರಿನಲ್ಲಿ ರೇಷ್ಮೆ ಹುಳು ಸಾಕಿದ. ಇವಳು ರಾಯದುರ್ಗಕ್ಕೆ ಬಂದು ಮಷೀನಿಗೆ ಕೂತಳು. ಮಗಳು ಶಾಲೆಯಿದ್ದಾಗ ಇಲ್ಲಿ, ರಜೆಯಲ್ಲಿ ಅಲ್ಲಿ.

"ಬಿಟ್ಟೋಳಿಗೆ ಬಿಟ್ಟೋನ ಜೊತೆ ಏನು ಮಾತು?" ಎಂದು ಅಂದವರಿದ್ದರು. ಆಗೆಲ್ಲ ಆದಿಲಕ್ಷ್ಮಿಗೆ ಅಪ್ಪನ ನೆನಪು. ಅಪ್ಪ ಸಂಜೆ ಗುಡಿಯಲ್ಲಿ ಪದ್ಯ ಹಾಡುತ್ತಿದ್ದ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಹಾಡುವವರ ಉಸಿರು ಮುಗಿಯುವ ತನಕ ಅರ್ಥ ಹೇಳುವವರು ಬಾಯಿ ತೆರೆಯುತ್ತಿರಲಿಲ್ಲ. ಅರ್ಥ ಮುಗಿಯುವ ತನಕ ಅಪ್ಪ ಮುಂದಿನ ಸಾಲು ಎತ್ತುತ್ತಿರಲಿಲ್ಲ. ಗುಡಿಯಿಂದ ಇಳಿದ ಮೇಲೆ ಒಬ್ಬರದು ಮೇಲಿನ ಕೇರಿ, ಒಬ್ಬರದು ಕೆಳಗಿನ ಕೇರಿ. ಕೇಳಿದವರಿಗೆ ಮಾತ್ರ ಕಥೆ ಒಂದೇ.

ನಾವೂ ಹಾಗೇ ಮಗಳನ್ನು ಬೆಳೆಸ್ತಿದ್ದೀವಿ, ಅಂದುಕೊಳ್ಳುತ್ತಿದ್ದಳು.

ಆದರೆ ಈಗ ಗಿರೀಶ್...

ಅವನು ಯೂನಿಟ್ಟಿಗೆ ಬರುವಾಗ ಕೆಲವು ದಿನ ಎಲೆಯಲ್ಲಿ ಸುತ್ತಿದ ಮಲ್ಲಿಗೆ ತರುತ್ತಿದ್ದ. "ದೇವರಿಗೆ ಇಡ್ರಿ," ಅಂತ ಮಷೀನಿನ ಮೇಲಿಟ್ಟು ಹೋಗುತ್ತಿದ್ದ.

ಪಕ್ಕದ ಮಷೀನಿನ ಪವಿತ್ರ ದಾರ ಕಡಿಯುತ್ತ ಕಿಚಾಯಿಸುತ್ತಿದ್ದಳು. "ಏನಕ್ಕಾ, ನಿಮ್ಮ ಮನಿ ದೇವರಿಗೆ ಜಡಿ ಎಷ್ಟುದ್ದ ಐತಿ?"

ಆದಿಲಕ್ಷ್ಮಿ ಆ ಹೂವನ್ನು ನಿಜವಾಗಿಯೂ ದೇವರಿಗೇ ಇಡುತ್ತಿದ್ದಳು. ಮುಡಿದರೆ ಹೂಂ ಅಂದ ಹಾಗೆ. ಹೂಂ ಅಂದರೆ, ಮಗಳ ಎರಡು ಮನೆಗಳಲ್ಲಿ ಒಂದರ ಬಾಗಿಲು ಮುಚ್ಚಿಹೋದರೆ? ಯಾವ ಗಂಡಸು ತಾನೇ ಹೆಂಡತಿ ಹಳೆಯ ಗಂಡನ ಮನೆಗೆ ಹೋಗಿಬರುವುದನ್ನು ಸಹಿಸುತ್ತಾನೆ?

ಅವಳ ಭಯವೆಲ್ಲ ಅದೊಂದೇ.

* * *

ದಸರಾ ರಜೆ ಮುಗಿಯುವ ಮುಂಚೆ ಅತ್ತೆಯ ಫೋನ್ ಬಂತು. ರಂಗನಾಥನ ತಾಯಿ ಪಾಲಮ್ಮನನ್ನು ಅವಳು ಇನ್ನೂ ಅತ್ತೆ ಅಂತಲೇ ಕರೆಯುತ್ತಿದ್ದಳು.

"ಲಕ್ಷ್ಮೀ, ಹುಳ ಹಣ್ಣಾಗ್ತಾ ಐತೆ. ಆಳು ಸಿಗ್ತಿಲ್ಲ ಕಣೇ. ಮಗೀನ ಕರ್ಕೊಂಡೋಗಕ್ಕೆ ಬರೋಳು ಒಂದಿನ ಮುಂಚೇನೇ ಬಾ."

ಹಣ್ಣಾದ ಹುಳುಗಳನ್ನು ಅಂದಂದೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಬೆಳೆ ಕೈಬಿಟ್ಟ ಹಾಗೆ. ಆ ಹೊತ್ತಿನಲ್ಲಿ ಕರೆದರೆ ಆ ಕಡೆಯ ಊರುಗಳಲ್ಲಿ ಯಾರೂ ಬರಲ್ಲ ಅನ್ನುವುದಿಲ್ಲ, ಮಾತು ಬಿಟ್ಟವರೂ ಬರುತ್ತಾರೆ.

"ನನಗೂ ಹಿಂದೂಪುರಕ್ಕ ಹೋಗೋದೈತಿ," ಅಂದ ಗಿರೀಶ್. "ಬೆಳಿಗ್ಗೆ ಊರ ಹತ್ರ ಬಿಡ್ತೀನಿ, ಸಂಜಿಗೆ ಇಬ್ಬರನ್ನೂ ಕರ್ಕೊಂಡು ಬರ್ತೀನಿ."

ಅಂದು ಟೆಂಪೋದಲ್ಲಿ ಅವನು ಮಲ್ಲಿಗೆ ದಂಡೆ ಕೊಟ್ಟಾಗ, ದೇವರಿಗೆ ಅನ್ನಲಿಲ್ಲ.

ಆದಿಲಕ್ಷ್ಮಿ ತುಂಬಾ ಹೊತ್ತು ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪಾವಗಡ ದಾಟಿದ ಮೇಲೆ, ಕಿಟಕಿಯ ಕಡೆ ತಿರುಗಿ, ಮುಡಿದುಕೊಂಡಳು.

ಗಿರೀಶ್ ರಸ್ತೆಯನ್ನೇ ನೋಡುತ್ತಿದ್ದ. ಆದರೆ ಗಾಡಿಯ ವೇಗ ತಾನಾಗಿ ತಗ್ಗಿತು...

"ಸಂಜಿಗೆ ಒಂದು ಮಾತು ಕೇಳೋದೈತ್ರಿ," ಅಂದ ಇಳಿಸುವಾಗ.

"ಸಂಜೆಗೇ ಹೇಳ್ತೀನಿ," ಅಂದಳು ಅವಳು.

* * *

ಸಂಜೆ ಅವನು ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಹುಳದ ಮನೆಯ ಬಾಗಿಲ ಪಕ್ಕದ ಮೋಟುಗೋಡೆಯ ಮೇಲೆ ಅವನ ಕಣ್ಣು ಬಿತ್ತು.

ಮಲ್ಲಿಗೆ ದಂಡೆ... ಬೆಳಿಗ್ಗೆ ತಾನು ಕೊಟ್ಟದ್ದು.

ಜಾಲರಿಯ ಕಿಟಕಿಯಾಚೆ ಆದಿಲಕ್ಷ್ಮಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ರಂಗನಾಥ್. ನಡುವೆ ಚಂದ್ರಿಕೆ. ಇಬ್ಬರ ಕೈಗಳೂ ಒಂದೇ ಲಯದಲ್ಲಿ ಹುಳುಗಳನ್ನು ಬಿಡುತ್ತಿದ್ದವು.

"ಜೀನ್ಸ್ ಹೊಲಿಯೋ ಕೈ ಅಂತ ಹಿಸುಕಿಬಿಟ್ಟೀಯ, ಮೆತ್ಗೆ," ಪಾಲಮ್ಮನ ದನಿ.

"ನಿಮ್ಮ ಮಗನ ಕೈಗಿಂತ ನಂದೇ ಮೆತ್ಗೈತೆ ಅತ್ತೆ."

ಎಲ್ಲರೂ ನಕ್ಕರು. ರಮ್ಯ ಅಪ್ಪನ ಬೆನ್ನಿಗೆ ಜೋತುಬಿದ್ದಿದ್ದಳು.

ಒಂದು ಪೂರ್ತಿ ಮನೆ! ಗಿರೀಶ್ ಮತ್ತೆ ಗೋಡೆಯ ಕಡೆ ತಿರುಗಿದ, ಎಲೆಯ ಮೇಲೆ ಹೂವು ಹಾಗೇ ಇತ್ತು. ಬೆಳಿಗ್ಗೆ ಮುಡಿದದ್ದನ್ನು ಈ ಬಾಗಿಲಲ್ಲಿ ತೆಗೆದಿಟ್ಟಿದ್ದಾಳೆ. ಇದಕ್ಕಿಂತ ಇನ್ನೇನು ಉತ್ತರ ಬೇಕು?

ಸೊಪ್ಪಿನ ಹೊರೆ ಹೊತ್ತು ಬಂದ ಮುದುಕ ದೊಡ್ಡರಂಗಪ್ಪ, ರಂಗನಾಥನ ಅಪ್ಪ, "ಯಾರಪ್ಪಾ?" ಅಂದ.

"ಟೆಂಪೋದವನ್ರೀ. ಲೋಡು ಅರ್ಜಂಟ್ ಐತಿ ಅಂತ ಹೇಳ್ರಿ. ಬಸ್ಸಿಗೆ ಬರಲಿ."

ಕೈ ತೊಳೆದು ಹೊರಗೆ ಬಂದ ಆದಿಲಕ್ಷ್ಮಿಗೆ ಮುದುಕ ಅಷ್ಟೇ ಹೇಳಿದ. "ಕಿಟಕೀಲಿ ನೋಡ್ತಾ ನಿಂತಿದ್ದ ಕಣಮ್ಮ. ಆಮೇಲೆ ಲೋಡು ಅರ್ಜಂಟು, ಬಸ್ಸಿಗೆ ಬರ್ಲಿ ಅಂತಂದು ಹೊಂಟೋದ."

ಅವಳು ಗೋಡೆಯ ಮೇಲಿನ ಹೂವನ್ನು ಎತ್ತಿಕೊಂಡಳು. ಮುಡಿಯಲಿಲ್ಲ.

ನೋಡಿದ... ಸಹಿಸಲಾಗಲಿಲ್ಲ... ಹೋದ. ನಾನು ಹೆದರಿದ್ದೇ ಆಯಿತು.

ಅಳು ಬರಲಿಲ್ಲ. ಮಗಳ ಎರಡು ಮನೆಗಳಲ್ಲಿ ಒಂದನ್ನು ಮುಚ್ಚಿ ತಾನು ಮೂರನೆಯದರಲ್ಲಿ ಸುಖವಾಗಿರಲಾರೆ ಎಂದು ಅವಳಿಗೆ ಅವಳೇ ಹೇಳಿಕೊಂಡಳು. ಮರುದಿನ ಬೆಳಿಗ್ಗೆ ರಂಗನಾಥ್ ಇಬ್ಬರನ್ನೂ ಬಸ್ಸು ಹತ್ತಿಸಿದ. ಅವಳ ಮುಖ ನೋಡಿದ, ಕೇಳಲಿಲ್ಲ.

* * *

ಆಮೇಲೆ ಯೂನಿಟ್ಟಿಗೆ ಬಟ್ಟೆಯ ಗಂಟು ಬೇರೆ ಯಾರೋ ತಂದರು. ಪವಿತ್ರ ಕಿಚಾಯಿಸುವುದನ್ನು ನಿಲ್ಲಿಸಿದಳು. ದೇವರ ಪಟದ ಮೇಲೆ ಕನಕಾಂಬರ ಬಂತು.

ದೀಪಾವಳಿ ಕಳೆದು ಮತ್ತೆ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡು. ಹಬ್ಬಕ್ಕೆ ಹೋಗಿದ್ದ ರಮ್ಯಳನ್ನು ರಂಗನಾಥ್ ಕರೆತಂದಿದ್ದ. ಮಗಳ ಚೀಲ ಕೊಡುತ್ತ ಅವನು ಟೀ ಅಂಗಡಿಯ ಕಡೆ ನೋಡಿದ. ಅಲ್ಲಿ ಪರಿಚಯದ ಟೆಂಪೋ ನಿಂತಿತ್ತು, ಪಕ್ಕದ ಬೆಂಚಿನ ಮೇಲೆ ಗಿರೀಶ್.

"ಅವತ್ತು ಬಂದು ಹೋದೋರು ಅವರೇನಾ?"

ಆದಿಲಕ್ಷ್ಮಿ ತಲೆ ತಗ್ಗಿಸಿದಳು.

"ನೀನು ಇಲ್ಲೇ ಇರು."

"ಬೇಡ. ಬಿಡಿ, ರಮ್ಯನ ಅಪ್ಪ..."

ಅವನು ಆಗಲೇ ಹೊರಟಿದ್ದ. ಅವಳೂ ಮಗಳ ಕೈ ಹಿಡಿದು ಹಿಂದೆ ನಡೆದಳು.

ಗಿರೀಶ್ ಎದ್ದು ನಿಂತ. "ಬರ್ರಿ. ಟೀ ತಗೋರಿ."

"ಟೀ ಆಮೇಲೆ. ಅವತ್ತು ನಮ್ಮನೆ ಬಾಗ್ಲು ತನಕ ಬಂದು ಒಳಕ್ಕೆ ಬರ್ದೇ ಹೋದ್ರಂತೆ. ನಮ್ಮಪ್ಪ ಇವತ್ತಿಗೂ ಅಂತಾನೆ, ಬಂದೋರಿಗೆ ಒಂದು ಲೋಟ ನೀರೂ ಕೊಡ್ಲಿಲ್ಲ ಅಂತ. ಯಾಕೆ ಹೋದ್ರಿ?"

ಗಿರೀಶ್ ಲೋಟ ಬೆಂಚಿನ ಮೇಲಿಟ್ಟ. ಆಮೇಲೆ ನಿಧಾನವಾಗಿ, "ಹೂವು ಗ್ವಾಡಿ ಮ್ಯಾಲಿತ್ರೀ," ಅಂದ.

"ಹೂವಾ?"

"ನಾನು ಕೊಟ್ಟಿದ್ದು. ಮುಡಕೊಂಡಿದ್ರು. ಅಲ್ಲಿ ಬಂದು ತಗದಿಟ್ಟಿದ್ರು. ನನಗ ತಿಳೀತು."

ಆದಿಲಕ್ಷ್ಮಿಯ ಕೈಯಲ್ಲಿದ್ದ ಚೀಲ ಜಾರಿತು. ಇದಾ? ಇಷ್ಟೇನಾ?

ರಂಗನಾಥ್ ಅವನನ್ನು ನೋಡಿದ, ಅವಳನ್ನು ನೋಡಿದ. ನಗು ತಡೆಯಲು ಮೀಸೆ ಸವರಿಕೊಂಡ.

ಮೊದಲು ಹೇಳಿದವಳು ರಮ್ಯ. "ಮಾಮಾ, ಹುಳದ ಮನೆಗೆ ಮಲ್ಲಿಗೆ ಮುಡ್ಕೊಂಡು ಯಾರಾದ್ರೂ ಹೋಗ್ತಾರಾ? ವಾಸ್ನೆ ಹುಳಕ್ಕೆ ಆಗಲ್ಲ. ಅಜ್ಜಿ ಊದುಬತ್ತೀನೂ ಹಚ್ಚಲ್ಲ. ನನ್ನ ಪೌಡರ್ ಮುಖಾನೂ ತೊಳಿಸ್ತಾರೆ."

ಗಿರೀಶನ ಬಾಯಿ ತೆರೆದೇ ಇತ್ತು. ಹುಟ್ಟಿದಾಗಿನಿಂದ ಅವನು ಕಂಡದ್ದು ಕುರಿ, ಆಮೇಲೆ ಜೀನ್ಸು. ಹುಳು ಹೂವಿಗೆ ಮುನಿಯುತ್ತದೆ ಅಂತ ಅವನಿಗೆ ಯಾರು ಹೇಳಬೇಕಿತ್ತು?

"ಹೂವಿನ ಕೆಳಗೆ ಏನಿತ್ತು, ನೋಡಿದ್ರಾ?" ಕೇಳಿದ ರಂಗನಾಥ್.

"ಎಲಿ ಇತ್ತು..."

"ಹಿಪ್ಪುನೇರಳೆ ಸೊಪ್ಪು. ಹಣ್ಣಾಗದೆ ಉಳಿದ ಹುಳಕ್ಕೇ ಅವತ್ತು ಸೊಪ್ಪು ಸಾಲ್ತಿರ್ಲಿಲ್ಲ. ಅದರಲ್ಲಿ ಒಳ್ಳೇ ಎಲೆ ಆರ್ಸಿ ಹಾಸಿ, ಮಧ್ಯೆ ಮಧ್ಯೆ ಬಂದು ನೀರು ಚಿಮುಕ್ಸಿ ಹೋಗ್ತಿದ್ಲು. ನಮ್ಮವ್ವ ಬೈದ್ಲು, ಹುಳ ನೋಡ್ತೀಯೋ ಹೂವ ನೋಡ್ತೀಯೋ ಅಂತ." ಸ್ವಲ್ಪ ತಡೆದು ಸೇರಿಸಿದ. "ನನ್ನ ಜೊತೆ ಇದ್ದಾಗ ಹೂವಿಗೆ ಅಷ್ಟು ಉಪಚಾರ ಮಾಡಿದ್ದು ನಾನು ಕಂಡಿಲ್ಲ. ನಾನು ತಂದುಕೊಟ್ಟಿದ್ದೂ ಕಮ್ಮಿ ಬಿಡಿ."

ಆ ಮಾತಿನಲ್ಲಿ ಕಹಿ ಇರಲಿಲ್ಲ. ಮಗಳಿಗೆ ಬಾಳೆಹಣ್ಣು ಕೊಡಿಸುವ ನೆಪದಲ್ಲಿ ಅವಳ ಕೈ ಹಿಡಿದು ಆಚೆ ನಡೆದ.

* * *

ಟೆಂಪೋದ ನೆರಳಲ್ಲಿ ಇಬ್ಬರೇ ಉಳಿದರು.

"ನನ್ನ ಬೈರಿ," ಅಂದ ಗಿರೀಶ್.

"ಬೈಯಲ್ಲ. ನಾನೂ ತಪ್ಪೇ ತಿಳ್ಕೊಂಡಿದ್ದೆ. ನಾವು ಒಟ್ಟಿಗೆ ಕೂತಿದ್ದು ನೋಡಿ ನಿಮ್ಗೆ ಆಗ್ಲಿಲ್ಲ ಅಂತ."

"ಅದಕ್ಕ ಯಾಕ ಆಗಬಾರದ್ರಿ? ಮೊದಲ ಸಲ ಮಾತಾಡ್ಸಿದ ದಿನಾನ ನಿಮ್ಮನ್ನ ಅವರ ಜೋಡಿ ನೋಡಿದ್ದೆ. ಇದೇ ಕಂಬದ ಹತ್ರ. ಮೊಸರಿನ ಮಾತು, ಲೆಕ್ಕದ ಮಾತು... ಹಿಂಗ ಬೇರಾದೋರು ಎಂಥಾ ಮಂದಿ ಇರಬೇಕು ಅಂತ ಅವತ್ತೇ ಅನ್ಕೊಂಡೆ."

ಆದರೂ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು.

"ನನ್ನ ಜೊತೆ ಈ ಬಸ್ ಸ್ಟ್ಯಾಂಡೂ ಬರ್ತೈತೆ. ಅವಳು ಅವಳಪ್ಪನ ಮನೆಗೆ ಹೋಗೋದು ನಿಲ್ಲಲ್ಲ."

"ನಿಲ್ಲಬಾರದು."

"ಹುಳ ಹಣ್ಣಾದ್ರೆ ಅತ್ತೆ ಕರೀತಾರೆ. ನಾನು ಹೋಗ್ತೀನಿ."

"ಹೋಗ್ರಿ. ನನಗೂ ಆ ಕೆಲಸ ಕಲಿಸಿದ್ರ, ಇನ್ನೊಂದು ಜೋಡಿ ಕೈ ಆಗ್ತಾವ."

ಅವಳು ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು.

"ಅವತ್ತು ಒಂದು ಮಾತು ಕೇಳ್ತೀನಿ ಅಂದಿದ್ರಲ್ಲ... ಅದಕ್ಕೆ ಹೂಂ."

ಗಿರೀಶ್ ಟೆಂಪೋದ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಎಲೆಯ ಪೊಟ್ಟಣ ಎತ್ತಿ ಕೊಟ್ಟ. ಬಿಚ್ಚುವ ಮೊದಲೇ ವಾಸನೆ ಬಂತು.

"ಇಷ್ಟು ದಿನ ಯಾರಿಗೆ ತರ್ತಿದ್ರಿ?"

"ಗಾಡಿ ದೇವರಿಗೆ ಇಡ್ತಿದ್ದೆ."

ಅವಳು ನಕ್ಕಳು. ಈ ಸಲ ಸೆರಗು ಅಡ್ಡ ಬರಲಿಲ್ಲ. ಹೂವನ್ನು ಮುಡಿದುಕೊಂಡು, ತುಸು ಯೋಚಿಸಿ ಕೇಳಿದಳು.

"ಒಂದು ಮಾತು ನಡೆಸಿಕೊಡ್ತೀರಾ?"

"ಹೇಳ್ರಿ."

"ಇನ್ಮೇಲೆ ಆ ಊರಿಗೆ ಹೋಗೋ ದಿನ ನಂಗೆ ಹೂವ ತರ್ಬೇಡಿ. ಮತ್ತೆ ಗೋಡೆ ಮೇಲೆ ಇಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ."

"ಅದು ಆಗಂಗಿಲ್ರಿ," ಅಂದ ಗಿರೀಶ್. "ತಂದೇ ತರ್ತೀನಿ. ಗ್ವಾಡಿ ಮ್ಯಾಲ ಇಡಬ್ಯಾಡ್ರಿ, ನನ್ನ ಕೈಯಾಗ ಕೊಟ್ಟು ಒಳಗ ಹೋಗ್ರಿ. ನೀವು ಬರೋತನಕ ಬಾಗಿಲ ಹೊರಗ ಹಿಡಕೊಂಡು ನಿಂತಿರ್ತೀನಿ."