ಹನ್ನೊಂದನೇ ಬಟ್ಟಲು

ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರು: ಪ್ರಾಣಿ ಆಶ್ರಯದವರು ರೋಗದ ಬೆಕ್ಕೊಂದನ್ನು ಮುಚ್ಚಿಟ್ಟಿದ್ದಾರೆ.

ದೂರುದಾರ ಬಡಗಿ. ಅವನ ಅಕ್ಕ ಆಶ್ರಯದಿಂದ ತಂದಿದ್ದ ಬೆಕ್ಕಿಗೆ ಮೂಗು ಸೋರತೊಡಗಿತ್ತು, ಹಿಂತಿರುಗಿಸಿದ್ದಳು. ಈಗ ಅವಳ ಗಂಟಲಲ್ಲಿ ಬಿಳಿ ಪೊರೆ ಕಟ್ಟಿದೆ, ಉಸಿರಾಟಕ್ಕೆ ಕೊಳವೆ ಹಾಕಿದ್ದಾರೆ. ಗಂಟಲುಮಾರಿಯಂಥದ್ದೇ ರೋಗ, ಆದರೆ ಪ್ರಾಣಿಯಿಂದ ಬಂದದ್ದು ಎಂದರು ವೈದ್ಯರು. ಆಶ್ರಯದಲ್ಲಿ ಕೇಳಿದರೆ, ರೋಗದ ಬೆಕ್ಕೇ ಇಲ್ಲ ಎಂದಿದ್ದರು. ಬೆಕ್ಕು ಎಲ್ಲಿದೆ, ಯಾರು ಮುಟ್ಟಿದ್ದಾರೆ ಎಂದು ತಿಳಿಯದಿದ್ದರೆ ಇನ್ನೊಬ್ಬರು ಮಲಗುವುದು ಖಂಡಿತ.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ 11.45ಕ್ಕೆ ಆಶ್ರಯ ತಲುಪಿದರು.

"ಆ ಬೆಕ್ಕು ಯಾವುದಮ್ಮ?"

"ಏಳನೇ ಗೂಡಿಂದು ಸಾರ್," ಎಂದಳು ಮೇಲ್ವಿಚಾರಕಿ.

ಪಶುವೈದ್ಯರು ಅದರ ಮೂಗಿನ ದ್ರವ ಪರೀಕ್ಷೆಗೆ ಕಳಿಸಿದರು. ಎರಡು ದಿನದ ಮೇಲೆ ವರದಿ ಬಂತು: ಸೋಂಕಿಲ್ಲ. ಗುರುತಿಸೋಣವೆಂದರೆ ಅಕ್ಕ ಮಾತಾಡುವ ಸ್ಥಿತಿಯಲ್ಲಿಲ್ಲ, ಬಡಗಿ ಬೆಕ್ಕನ್ನು ಕಂಡವನಲ್ಲ. 'ಬೂದು ಬಣ್ಣ' ಎಂದಷ್ಟೇ ಬಲ್ಲ. ಅಲ್ಲಿ ಬೂದು ಬೆಕ್ಕುಗಳೇ ಆರು. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು.

"ಕಳ್ಳನಾದ್ರೆ ಎರಡು ಏಟಿಗೆ ಬಾಯಿ ಬಿಡ್ತಿದ್ದ ಸಾರ್," ಎಂದ ಹಿರಿಯ ಪೇದೆ. "ಇವು ಏನು ಕೇಳಿದ್ರೂ ಮಿಯಾಂವ್ ಅಂತಾವೆ."

"ಸುಮ್ನೆ ಇರಯ್ಯ. ಆಸ್ಪತ್ರೆಗೆ ಏನು ಹೇಳಲಿ ಅಂತ ನಂಗೆ ತಲೆಬಿಸಿ."

ಮೂರನೇ ದಿನ ಮಧ್ಯಾಹ್ನ 1.10. ಬೆಕ್ಕುಗಳ ಊಟದ ಹೊತ್ತು. ಅಡುಗೆಕೋಣೆಯ ಕಟ್ಟೆಯ ಮೇಲೆ ಬಟ್ಟಲುಗಳು ಸಾಲಾಗಿದ್ದವು. ಪೇದೆ ಎಣಿಸಿದ, ಮತ್ತೆ ಎಣಿಸಿದ.

"ಗೂಡು ಹತ್ತು. ಬಟ್ಟಲು ಹನ್ನೊಂದು ಸಾರ್."

ಕೊನೆಯದರಲ್ಲಿ ಊಟವನ್ನು ನೀರು ಹಾಕಿ ನುಣ್ಣಗೆ ಅರೆದಿಟ್ಟಿದ್ದರು.

"ಇದು ಯಾರಿಗಮ್ಮ?"

ಮೇಲ್ವಿಚಾರಕಿ ಹೋಗಿ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಒಳಗೆ, ಟವೆಲ್‌ಗಳ ಹಿಂದೆ, ಮೂಗು ಹುಣ್ಣಾದ ಬೂದು ಬೆಕ್ಕು ಸಿಕ್ಕಿತು. ಏಳನೇ ಗೂಡಿಗೆ ಆಕೆ ಬೀದಿಯಿಂದ ತಂದ ಬೇರೆ ಬೂದು ಬೆಕ್ಕನ್ನು ಬಿಟ್ಟಿದ್ದಳು. ಪಂಚನಾಮೆ ಮುಗಿದಾಗ 2.30. ಬಂಧನವಾಯಿತು.

"ಯಾಕಮ್ಮ ಹೀಗೆ ಮಾಡಿದ್ರಿ? ಅಲ್ಲೊಂದು ಜೀವ ಒದ್ದಾಡ್ತಿದೆ."

"ನಾಲ್ಕು ವರ್ಷದ ಹಿಂದೆ ಒಂದು ನಾಯಿಗೆ ರೋಗ ಬಂತು ಅಂತ ಹತ್ತೊಂಬತ್ತು ನಾಯಿಗೂ ಸೂಜಿ ಚುಚ್ಚಿ ಮುಗಿಸಿದ್ರು ಸಾರ್. ಆಗಿದ್ದ ಡಾಕ್ಟ್ರು ಬೇರೆ. ಹಿಡ್ಕೊಂಡಿದ್ದು ನಾನು. ನನ್ನ ಕೈ ನೆಕ್ತಾನೇ ಹೋದವು." ದನಿ ಒಡೆದಿತ್ತು, ಉಗುಳು ನುಂಗಲು ಆಕೆ ಮುಖ ಕಿವುಚಿದಳು.

"ಗಂಟಲು ಎಷ್ಟು ದಿನದಿಂದ ನೋಯ್ತಿದೆ?"

"ನಾಲ್ಕು ದಿನ."

ಜೀಪು ಠಾಣೆಯ ಬದಲು ಆಸ್ಪತ್ರೆಗೆ ಹೋಯಿತು. ಮೇಲ್ವಿಚಾರಕಿಗೂ ಅದೇ ರೋಗ ತಗುಲಿತ್ತು, ಔಷಧಕ್ಕೆ ಗುಣವಾಯಿತು. ಬಡಗಿಯ ಅಕ್ಕನಿಗೆ ಕೊಳವೆ ತೆಗೆದದ್ದು ಹನ್ನೆರಡನೇ ದಿನ. ಬೆಕ್ಕಿಗೆ ಎರಡು ವಾರ ಔಷಧ ಕೊಟ್ಟರು, ವಾಸಿಯಾಯಿತು. ಆಶ್ರಯದ ಯಾವ ಪ್ರಾಣಿಯನ್ನೂ ಕೊಲ್ಲಲಿಲ್ಲ.